ಕೊಕ್ಕೆ ಇಲ್ಲದ ಉಡ್ದಾರ

ಇದು ಕತ್ತರಿಸಿರದಲ್ಲ ಕಣ್ಲಾ ಮೋಹನ, ಕಡ್ದಿರದು. ಇಲಿ ಕಡ್ದಂಗೆ. ನೋಡಿಲ್ಲಿ... ಬೆಳಕಿಗೆ ಹಿಡ್ದು ನೋಡು. ಒಂದು ಕೊಂಡಿ ಬಿಡ್ಸಾಕೆ ಮೂರು ಕೊಂಡಿ ಹಾಳ್ಮಾಡವ್ನೆ. ಹದಿನೈದು ತೊಲ ಬೆಳ್ಳಿ. ಅಣ್ಣ ಅನ್ನಿಸ್ಕಂಡ ಈ ಕೃಷ್ಣಮೂರ್ತಿ ತಿಂಗಳೊಪ್ಪತ್ತು ಕುಂತು, ಒಂದೊಂದು ಕೊಂಡೀನೂ ಕೈಯಲ್ಲಿ ಬಗ್ಗಿಸಿ, ತಮ್ಮನ ಸೊಂಟಕ್ಕೆ ಅಂತ ಮಾಡಿದ ಉಡ್ದಾರ. ಅದ್ನ ಪೇಪರಲ್ಲಿ ಸುತ್ಕಂಡು ಬಂದು ನನ್ ಮುಂದೆ ಇಕ್ತೀಯಲ್ಲ, ಬೋಂಡ ಕಟ್ಟಿಸ್ಕಂಡ್ ಬಂದಂಗೆ. ಯಾವನಪ್ಪ ಇದ್ನ ತೆಗ್ದ ಮಹಾನುಭಾವ?

ಯಾರು?

ದೇವಯ್ಯನಾ? ನಿಮ್ ನಾಗಮಂಗಲದಲ್ಲಿ ಗೇಟು ಮಾಡೋ ದೇವಯ್ಯ? ವೆಲ್ಡಿಂಗ್ ಅಂಗ್ಡಿ ದೇವಯ್ಯ?

ಅಲ್ಲ ಕಣ್ಲಾ, ಕೆ.ಆರ್. ಪೇಟೆಲಿ ಅಪ್ಪನ ಕಾಲದಿಂದ ಅಗ್ಗಿಷ್ಟಿಕೆ ಆರದೆ ಇರೋ ಅಂಗ್ಡಿ ಇದು. ನಿನ್ ಒಡಹುಟ್ಟಿದೋನೇ ಅಕ್ಕಸಾಲಿ. ಅಣ್ಣ ಬ್ಯಾಡ, ಅವನ ಸಾವಾಸವೇ ಬ್ಯಾಡ ಅಂತಿದ್ರೆ ನಾಗಮಂಗಲದಲ್ಲೂ ಚಿನ್ನದ ಕೆಲ್ಸದೋರು ನಾಲ್ಕು ಮನೆ ಅವ್ರೆ. ಅವ್ರ ತಾವ ಹೋಗಿದ್ರೂ ಮಾನ ಉಳೀತಿತ್ತು. ಗೇಟು ಕುಯ್ಯೋ ಬ್ಲೇಡಿಗೆ ಸೊಂಟ ಕೊಟ್ಟು ನಿಂತ್ಕಂಡ್ಯಾ? ಅವ್ನು ಏನಂದ? ಕೈ ಕುಲುಕಿ ಟೀ ಕುಡ್ಸಿದ್ನಾ? ನಾಳೆ ಇಡೀ ನಾಗಮಂಗಲಕ್ಕೆ ಹೇಳ್ಕಂಡ್ ಬರ್ತಾನೆ, ಆಚಾರ್ರು ಹಾಕಿದ ಬೆಸುಗೆ ನಾನು ಬಿಡಿಸ್ದೆ ಅಂತ. ಬೆಸುಗೆ ಬಿಡ್ಸಿಲ್ಲ ಕಣ್ಲಾ ಅವ್ನು. ಬೆಸುಗೆ ಅಂಗೇ ಐತೆ, ಇಗಾ ಇಲ್ಲಿ. ಅದು ಯಾವ್ದು ಅಂತಲೇ ಅವ್ನಿಗೆ ಗೊತ್ತಾಗಿಲ್ಲ. ಬೇರೆ ಕಡೆ ಕುಯ್ದವ್ನೆ.

ಯಾಕ್ಲಾ ನಗ್ತೀಯ? ನಗೋ ಅಂಥದ್ದು ನಾನೇನಂದೆ?

ಕುಂತ್ಕೊ. ಬಂದಾಗಿಂದ ಕಂಬದಂಗೆ ನಿಂತಿದ್ದೀಯ. ಅಲ್ಲಲ್ಲ, ಅದು ಬೆಂಕಿ ತಾವ, ಇಲ್ಲಿ ಕುಂತ್ಕೊ. ಅಯ್ಯೋ, ಎಷ್ಟ್ ಇಳ್ದೋಗಿದ್ದೀಯೋ... ಬೆಲ್ಟಿಗೆ ಹೊಸಾ ತೂತು ಹಾಕ್ಸಿದ್ದೀಯಾ? ಡಿಪೋಲಿ ರಿಪೇರಿ ಅಂತ ಬಸ್ಸಿನ ಕೆಳಗೆ ಮಲಗಿ ಮಲಗೇ ಇಂಗಾಗಿರದು. ಒಂದ್ ವರ್ಸ ರಜ ಹಾಕು ಅಂದ್ರೆ ನೀನಿಲ್ದೆ ಇದ್ರೆ ಸರ್ಕಾರದ ಬಸ್ಸೇ ಓಡಲ್ಲ ಅನ್ನಂಗೆ ಆಡ್ತೀಯ. ನಾಗೂ, ಮೋಹನ ಬಂದವ್ನೆ, ಕಾಫಿ ಇಡು.

ಬ್ಯಾಡ್ವಾ? ನಿಮ್ಮತ್ಗೆ ಮಾಡೋ ಕಾಫಿ ಬ್ಯಾಡ ಅಂದಿದ್ದು ಇದೇ ಮೊದ್ಲು. ಮಜ್ಗೆ ಕುಡಿ ಅಂಗಾರೆ. ಅದೂ ಬ್ಯಾಡ. ಸರಿ ಬುಡು. ನಾಗಲಕ್ಷ್ಮಮ್ಮೋರೆ, ನಿಮ್ ಮೈದ್ನಂಗೆ ಏನೂ ಬ್ಯಾಡ್ವಂತೆ, ಒಲೆ ಆರಿಸ್ಬುಡಿ.

ಏನು? ರಿಪೋರ್ಟಾ? ಯಾವ್ ರಿಪೋರ್ಟು?

ಓ, ಅದಾ. ಸಂಕ್ರಾಂತಿ ಕಳ್ದ ಮ್ಯಾಲೆ ಮೈಸೂರಲ್ಲಿ ಹೊಟ್ಟೆ ಸಿ.ಟಿ. ಸ್ಕ್ಯಾನು ಮಾಡ್ಸಿದ್ವಲ್ಲ, ಅದ್ರದ್ದು. ಐತೆ ಬುಡು, ಎಲ್ಲೋಯ್ತದೆ. ನಾಳೆ ಹತ್ತು ಗಂಟೆಗೆ ಡಾಕ್ಟ್ರಿಗೆ ಬೇಕಂತಾ? ಹಳೇದು ಹೊಸದು ಪಕ್ಕಪಕ್ಕ ಇಟ್ಕಂಡ್ ನೋಡ್ತಾರಂತಾ? ನೋಡ್ಲಿ, ಹೆಣ್ಣು ಗಂಡಿನ ಜಾತ್ಕ ನೋಡ್ದಂಗೆ ನೋಡ್ಲಿ. ಕೊಡ್ತೀನಿ ಇರು. ಬಂದೇಟ್ಗೆ ರಿಪೋರ್ಟು ರಿಪೋರ್ಟು ಅಂತ...

ಅಂದ್ರೆ ಹೊಸದು ಮಾಡ್ಸೇಬುಟ್ಟೆ. ನಂಗೊಂದು ಮಾತು ಹೇಳ್ದೆ. ಅದಕ್ಕೇ ಉಡ್ದಾರ ತೆಗ್ಸಕ್ಕೆ ಈ ದೇವಯ್ಯ. ಈಗ ತಿಳೀತು ಬುಡು, ಇದು ನಿನ್ ಮಗಳ ಕೆಲ್ಸ. ಹರ್ಷಿತ. ಡಿಗ್ರಿ ಕೈಗೆ ಬಂದ ಮ್ಯಾಲೆ ದೊಡ್ಡಪ್ಪ ದಡ್ಡಪ್ಪ ಆಗೋದ ಅವ್ಳಿಗೆ. ಹೋದ್ ತಿಂಗಳು ಫೋನ್ ಮಾಡಿ, 'ದೊಡ್ಡಪ್ಪ, ಅಪ್ಪಂಗೆ ಹೊಟ್ಟೆ ನೋಯ್ತಿದೆ, ನಾನು ಕರ್ಕಂಡ್ ಹೋಗ್ತೀನಿ' ಅಂದ್ಲು. ನಾನು, ವಾಯು ಕಣವ್ವ, ಬಿಸ್ನೀರು ಕುಡ್ಸು ಅಂದೆ. ಅಷ್ಟಕ್ಕೆ ಫೋನ್ ಇಟ್ಬುಟ್ಲು. ಎತ್ತಿ ಆಡ್ಸಿದ ಕೈಗೆ ಅವ್ಳು ಕೊಟ್ಟ ಮರ್ಯಾದೆ ಅದು.

ನೋವು ಅಂದ್ರೆ ಎಂಥ ನೋವು? ...ಅಲ್ಲೇನಾ? ಹೊಲಿಗೆ ಹಾಕಿದ್ರಲ್ಲ ಅದೇ ತಾವಾ?

ಹೊಲಿಗೆ ಹಾಕಿದ್ ಜಾಗ ಅಂದ್ಮೇಲೆ ಎಳೀತದೆ ಕಣ್ಲಾ. ಕರುಳಲ್ಲಿ ಗಡ್ಡೆ ಅಂತ ಒಂದು ಗೇಣು ಕುಯ್ದು ತೆಗ್ದು, ಆ ತುದೀನೂ ಈ ತುದೀನೂ ಸೇರ್ಸಿ ಹೊಲಿದವ್ರೆ. ಎಳೀದೆ ಇರ್ತದಾ? ಆಮೇಕೆ ಆರು ತಿಂಗಳು ಕೈಗೆ ಔಸ್ತಿ ಹತ್ತಿಸಿ ತಲೆ ಕೂದ್ಲು ಉದುರಿಸಿ ಕಳ್ಸಿದ್ರು. ಕ್ಯಾನ್ಸರು ಹೋಯ್ತು ಅಂದ್ರು. ಹೋಯ್ತು ಅಂದ್ಮೇಲೆ ಮುಗೀತಲ್ಲ. ಅವ್ರ ಬಾಯಲ್ಲೇ ಹೋಯ್ತು ಅನ್ನದು, ಆರ್ ತಿಂಗಳಿಗೊಂದ್ ಸಲ ಬಾ, ನಿಜ್ವಾಗ್ಲೂ ಹೋಯ್ತಾ ನೋಡ್ತೀವಿ ಅನ್ನದು. ನಾನು ಒಂದು ಉಂಗುರ ಮಾಡ್ಕೊಟ್ಟು, ಆರ್ ತಿಂಗಳಿಗೊಂದ್ ಸಲ ತಂದು ತೋರ್ಸಮ್ಮ, ಇನ್ನೂ ಉಂಗುರವಾಗೇ ಐತಾ ನೋಡ್ತೀನಿ ಅಂದ್ರೆ ಗಿರಾಕಿ ಮಕಕ್ಕೆ ಉಗೀತಾಳೆ.

ಮಾತಾಡ್ಲಾ. ಮೊದ್ಲು ಇಂಗಿರ್ಲಿಲ್ಲ ನೀನು.

ಸರಿ, ನಾನೇ ಆಡ್ತೀನಿ. ನೀನು ಮರ್ತಿರ್ಬೋದು, ನಾನು ಮರೆಯಲ್ಲ. ಆಪರೇಷನ್ ದಿನ ನಿನ್ನ ಗಾಡಿ ಮ್ಯಾಲೆ ಮಲಗ್ಸಿ ಒಳಿಕ್ಕೆ ತಳ್ಳೋ ಮುಂಚೆ ಒಬ್ಳು ನರ್ಸು ಬಂದ್ಲು, ಕೈಲೊಂದು ಕತ್ರಿ. ಬಟ್ಟೆ ಸರ್ಸಿ, ನಿನ್ ಸೊಂಟದ ಕರಿ ಉಡ್ದಾರ ಕಚಕ್ಕಂತ ಕತ್ತರ್ಸಿ, ಕಸದ ಡಬ್ಬಿಗೆ ಎಸೆದ್ಲು. ಕಸದ ಡಬ್ಬಿಗೆ. ಗಂಡಸಿನ ಸೊಂಟದ ದಾರ ಯಾವಾಗ ಕೀಳ್ತಾರೆ ಅಂತ ಅವ್ಳಿಗೆ ಯಾರೂ ಹೇಳ್ಕೊಟ್ಟಿಲ್ವಾ? ಮಣ್ಣಿಗೆ ಇಕ್ಕೋ ಮುಂಚೆ ಕೀಳದು. ಉಸಿರು ಹೋದ ಮ್ಯಾಲೆ ಕೀಳದು. ನಮ್ಮಪ್ಪಂಗೂ ಅಂಗೇ ಮಾಡಿದ್ರು. ಹರ್ನಿಯ ಅಂತ ಒಳಿಕ್ಕೆ ಹೋದೋನು. ಬಾಗಲಲ್ಲೇ ಕತ್ತರಿಸಿ ದಾರ ನನ್ ಕೈಗೆ ಕೊಟ್ರು. ಹತ್ತೊಂಬತ್ತು ವರ್ಸ ನಂಗೆ. ಜೇಬಲ್ಲಿ ಇಟ್ಕಂಡ್ ಕುಂತಿದ್ದೆ, ಬಂದ್ಮೇಲೆ ಕಟ್ಟೋಣ ಅಂತ. ಅಪ್ಪ ಬರ್ಲಿಲ್ಲ. ನೀನು ಆಗ ಮೂರ್ನೇ ಕ್ಲಾಸು. ನಿಂಗೇನು ಗೊತ್ತು.

ಅದಕ್ಕೇ ಮಾಡಿದ್ದು ಇದ್ನ. ನೀನು ಮನೆಗೆ ಬಂದು ಮೂರ್ನೇ ತಿಂಗಳು. ಯಾವ ನರ್ಸಿನ ಕತ್ರಿಗೂ ಬಗ್ಗಬಾರ್ದು ಅಂತಲೇ ಬೆಳ್ಳಿ. ಯಾವಳೂ ಬಿಚ್ಚಬಾರ್ದು ಅಂತಲೇ ಕೊಕ್ಕೆ ಇಡ್ಲಿಲ್ಲ. ಈ ಮಣೆ ಮ್ಯಾಲೇ ನಿನ್ನ ಮಲಗ್ಸಿ, ಸೊಂಟಕ್ಕೆ ಒದ್ದೆ ಬಟ್ಟೆ ಸುತ್ತಿ, ಮಧ್ಯೆ ಹೆಂಚಿನ ಚೂರಿಟ್ಟು, ಕಡೇ ಕೊಂಡಿಗೆ ಬೆಸುಗೆ ಹಿಡಿಯಕ್ಕೆ ಬಿಳಿಗಾರ ಸವರಿ ಊದುಗೊಳವೇಲಿ ಊದ್ದೆ. ಒಂದೇ ಉಸಿರು. ಬಿಸಿ ತಾಗ್ತಾ ಅಂತ ಕೇಳ್ದೆ. ಇಲ್ಲ ಅಣ್ಣ ಅಂದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತಾರಲ್ಲ ನಮ್ಗೆ, ತಮ್ಮನ ಬೆಳ್ಳೀಲಿ ಒಂದು ಗುಲಗಂಜಿ ಕಲಬೆರಕೆ ಇದ್ರೆ ಕೇಳು. ಇಂಥ ಕೆಲ್ಸ ಮಂಡ್ಯ ಜಿಲ್ಲೇಲಿ ಯಾವನ್ ಮಾಡ್ತಾನೋ ಮಾಡ್ಲಿ ನೋಡೋಣ.

ಅದ್ನ ನೋಡಿ ಆ ಸ್ಕ್ಯಾನಿಂಗ್ ಹುಡ್ಗಿ ಮೂಗು ಮುರೀತಾಳೆ.

ಏನ್ ಗತ್ತು ಅವ್ಳದ್ದು, ನೆನಪೈತಾ? ಬೆಳಿಗ್ಗೆಯಿಂದ ನಿಂಗೆ ಹೊಟ್ಟೆಗಿಲ್ಲ. ಒಂದೂವರೆ ಲೀಟ್ರು ಬಾಟ್ಲೀಲಿ ಅದೇನೋ ನೀರು ಕೊಟ್ಟು, ಒಸಿ ಒಸಿ ಕುಡೀತಾ ಇರಿ ಅಂತ ಕುಂಡ್ರಿಸಿದ್ಲು. ಕುಡ್ದು ಕುಡ್ದು ನೀನು ಬಿಂದಿಗೆ ಆದೆ. ಆಮೇಕೆ ಕೈಗೊಂದು ಸೂಜಿ. ಮೈಯೆಲ್ಲಾ ಬಿಸಿ ಆಗ್ತದೆ, ಉಚ್ಚೆ ಹೋದಂಗೆ ಆಗ್ತದೆ, ಗಾಬ್ರಿ ಆಗ್ಬೇಡಿ ಅಂತಾಳೆ. ಗಾಬ್ರಿ ಆಗದೆ ಇನ್ನೇನ್ ಆಗ್ಬೇಕು. ಆ ಮಿಷಿನ್ನೋ, ತೂತಿನ ವಡೆ ನಿಲ್ಲಿಸ್ದಂಗೆ. ಅದ್ರೊಳಿಕ್ಕೆ ಹಲಗೆ ಸಮೇತ ನಿನ್ನ ತಳ್ಳದು, ಈಚಿಕ್ ಎಳೆಯದು. ಉಸಿರು ಬಿಗಿಹಿಡೀರಿ ಅಂತ ಮಿಷಿನ್ನೇ ಹೇಳ್ತದಂತೆ. ನಮ್ ದೊಡ್ ಅಂಗ್ಡಿಗಳವ್ರೂ ತಂದಿಟ್ಕಂಡವ್ರಲ್ಲ, ಚಿನ್ನದ ಮ್ಯಾಲೆ ಬೆಳಕು ಬುಟ್ಟು ಇಷ್ಟು ಕ್ಯಾರೆಟ್ಟು ಅಂತ ಚೀಟಿ ಕೊಡೋ ಪೆಟ್ಗೆ. ಒರೆಗಲ್ಲಿಗೆ ಉಜ್ಜಿ ನಾನು ಹೇಳೋದ್ನೇ ಅದೂ ಹೇಳದು. ಜನಕ್ಕೆ ಮಾತ್ರ ಪೆಟ್ಗೆ ಹೇಳಿದ್ರೆ ವೇದ.

ಮೊದ್ಲು ಒಂದು ಸಣ್ಣ ಫೋಟೋ ತಕ್ಕಂಡ್ಲು. ಈಚೆ ಬಂದು, 'ಸರ್, ಪೇಶೆಂಟ್ ಸೊಂಟದಲ್ಲಿ ಬೆಳ್ಳಿ ಇದೆ, ಬಿಚ್ಚಿಸಿ' ಅಂದ್ಲು. ಬಿಚ್ಚಕ್ ಆಗಲ್ಲ ಅಂದೆ. 'ಕತ್ತರಿಸ್ಬಿಡಿ ಸರ್, ಪಕ್ಕದ ಬೀದೀಲೇ ಅಕ್ಕಸಾಲಿಗರು ಇದ್ದಾರೆ, ಐದು ನಿಮಿಷದ ಕೆಲ್ಸ' ಅಂದ್ಲು. ನನ್ ಮುಂದೆ ಹೇಳ್ತಾಳೆ, ಅಕ್ಕಸಾಲಿಗರು ಪಕ್ಕದ ಬೀದೀಲಿ ಅವ್ರೆ ಅಂತ. ಬದುಕಿರೋ ಗಂಡಸಿನ ಉಡ್ದಾರ ಕೀಳು ಅಂತ ನಿಮ್ ಮಿಷಿನ್ನಿಗೆ ಯಾರಮ್ಮ ಹೇಳ್ಕೊಟ್ರು ಅಂತ ಕೇಳ್ದೆ. ಎಷ್ಟ್ ಜನ ಇದ್ರು ಅಲ್ಲಿ, ಎಲ್ರೂ ತಿರುಗಿ ನೋಡಿದ್ರು. ಒಬ್ಬನೂ ತುಟಿ ಬಿಚ್ಚಲಿಲ್ಲ. ಸರಿಯಾಗಿ ಕೇಳ್ದೆ ಅಂತಲೇ ಅಲ್ವಾ ಬಿಚ್ಚದೆ ಇದ್ದಿದ್ದು?

ಅವ್ಳು ಸೋತು ನನ್ನ ಒಳಿಕ್ಕೆ ಕರೆದು ಕಂಪ್ಯೂಟ್ರಲ್ಲಿ ತೋರ್ಸಿದ್ಲು. ನೋಡಿದ್ದೆ ಕಣ್ಲಾ. ನೀನು ನೋಡ್ಲಿಲ್ಲ. ನಿನ್ ಹೊಟ್ಟೆ, ಕಪ್ಪು ಬಿಳುಪು. ಸುತ್ತಾ ನನ್ ಬೆಳ್ಳಿ. ಒಂದೊಂದು ಕೊಂಡಿಯಿಂದಲೂ ಬೆಳ್ಳಗೆ ಗೆರೆ ಗೆರೆ ಹೊಂಟು ಹೊಟ್ಟೆ ತುಂಬಾ ಹರಡಿದ್ವು. ಏನ್ ಹೊಳಪು ಅಂತೀಯ. ನಾನು ಒಸಿ ಹೊತ್ತು ಅದ್ನೇ ನೋಡ್ತಾ ನಿಂತ್ಬುಟ್ಟೆ. ಅವ್ಳು, 'ಈ ಗೆರೆಗಳ ಹಿಂದೆ ಏನಿದೆ ಅಂತ ನಮ್ಗೆ ಕಾಣ್ಸಲ್ಲ ಸರ್, ಆಪರೇಷನ್ ಆಗಿರೋ ಜಾಗ ಅಲ್ಲೇ ಬರುತ್ತೆ' ಅಂದ್ಲು. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನೋಡಕ್ ಬರ್ದೆ ಇರೋರಿಗೆ ಬೆಳ್ಳೀನೇ ಅಡ್ಡ.

ನಿನ್ನ ಕೇಳಿದ್ಲು ಕಡೆಗೆ. ನೀವು ಹೇಳಿ ಸರ್, ತೆಗೀಬೋದಾ ಅಂತ. ನೀನು ಆ ಹಲಗೆ ಮ್ಯಾಲೆ ಮಲಗ್ಕಂಡೇ ನನ್ ಮಕ ನೋಡ್ದೆ. 'ಅಣ್ಣ ಹೇಳ್ದಂಗೆ' ಅಂದೆ. ಅಷ್ಟೇ. ನಂಗೆ ಎಷ್ಟ್ ಹೆಮ್ಮೆ ಆಯ್ತು ಗೊತ್ತಾ? ಅಂಗೇ ಮಾಡಿದ್ರು. ಉಡ್ದಾರ ಇದ್ದಂಗೇ. ಆಗದೇ ಇಲ್ಲ ಅಂದೋರು ಆಗ ಎಂಗ್ ಮಾಡಿದ್ರು ಮತ್ತೆ?

ಏನ್ಲಾ ಅಂಗ್ ನೋಡ್ತೀಯ?

ಹೊಸ ಸ್ಕ್ಯಾನು... ಆಯ್ತಲ್ಲ, ಏನಂದ್ರು? ಹೇಳು, ನಾನೇನ್ ಹೊರಗಿನೋನಾ.

ಎಲ್ಲಿ?

ಹೊಲಿಗೆ ತಾವಲೇ. ಹೂಂ. ಎಷ್ಟು? ...ಮೂರೂವರೆ ಸೆಂಟಿಮೀಟ್ರು. ಅಂದ್ರೆ ಎಷ್ಟಾಯ್ತು... ಒಂದು ದೊಡ್ ಜುಮುಕಿಯಷ್ಟು. ಪಕ್ಕದಲ್ಲಿ ಸಣ್ಣವೂ ಅವೆಯಾ? ಎಷ್ಟು? ...ಎಲ್ಲಾ ಅವ್ರಿಗೆ ಕಾಣ್ತದೆ ಬುಡು. ಹುಡುಕ್ತಾ ಕುಂತೋನಿಗೆ ಸಿಗದೆ ಇರ್ತದಾ. ಅದು ಮತ್ತೆ ಬಂದೈತೆ ಅಂತ ಅವ್ರೇನು ಕಣ್ಣಲ್ಲಿ ಕಂಡವ್ರಾ, ಫೋಟೋ ತಾನೆ. ಮಾಂಸವೇ ಬೆಳೆದಿರ್ಬೋದು. ಗಾಯ ಮಾಯ್ದಾಗ ಗಂಟು ಕಟ್ಟಲ್ವಾ, ಇಗಾ ನನ್ ಬೆರಳಲ್ಲಿ ಐತಲ್ಲ, ಅಂಗೆ. ಮತ್ತೆ ಕುಯ್ಯಬೋದಂತಾ?

ಹೇಳಕ್ ಆಗಲ್ವಂತಾ? ಯಾಕ್ ಹೇಳಕ್ ಆಗಲ್ಲ? ಅಷ್ಟ್ ದೊಡ್ ಮಿಷಿನ್ ಇಟ್ಕಂಡು ಕುಯ್ಯಬೋದಾ ಇಲ್ವಾ ಅನ್ನೋದ್ ಗೊತ್ತಾಗಲ್ವಾ? ...ಹಳೇದು ಬೇಕು. ಎಷ್ಟ್ ಬೇಗ ಬೆಳೆದೈತೆ ಅಂತ ಗೊತ್ತಾಗಕ್ಕೆ. ಸಂಕ್ರಾಂತೀಲೇ ಇತ್ತಾ, ಆಮೇಕೆ ಬಂತಾ ಅಂತ.

ಸಂಕ್ರಾಂತೀಲಿ ಏನೂ ಇರ್ಲಿಲ್ಲ. ನಾನೇ ಹೇಳಿದ್ನಲ್ಲ. ಕ್ಲೀನ್ ಐತಂತೆ ಅಂತ ಹೇಳ್ದೆ. ನಿಮ್ಮತ್ಗೆ ಒಬ್ಬಟ್ಟು ಮಾಡಿದ್ಲು, ನೀನು ಮೂರು ತಿಂದೆ. ಅದ್ನೇ ಹೇಳು ನಾಳೆ ಡಾಕ್ಟ್ರಿಗೆ. ಸಂಕ್ರಾಂತೀಲಿ ಏನೂ ಇರ್ಲಿಲ್ವಂತೆ, ನಮ್ಮಣ್ಣನೇ ಹೋಗಿ ತಂದವ್ನೆ ಅನ್ನು.

ಕಾಗ್ದವೇ ಬೇಕಾ?

ಇರು, ಹುಡುಕ್ತೀನಿ. ಈ ಡ್ರಾಯರಲ್ಲಿ... ಇಲ್ಲ, ಇದು ಕರೆಂಟ್ ಬಿಲ್ಲು. ಇಲ್ಲೇ ಎಲ್ಲೋ ಇಟ್ಟಿದ್ದೆ. ನಿಮ್ಮತ್ಗೆ ಅಮಾಸೆಗೆ ಅಂಗ್ಡಿ ತೊಳೆದ್ಲು, ಅವ್ಳೇ ಎಲ್ಲಿ ಹಾಕಿದ್ಳೋ. ಅವ್ಳಿಗೆ ಕಾಗ್ದ ಕಂಡ್ರೆ ಆಗಲ್ಲ. ಸಿಕ್ಕಿದ್ರೆ ನಾಳೆ ಬಸ್ಸಿಗೆ ಕೊಟ್ ಕಳಿಸ್ತೀನಿ. ಇಲ್ದಿದ್ರೆ ಬುಡು, ಆಸ್ಪತ್ರೇಲೇ ಇರ್ತದೆ, ಕಂಪ್ಯೂಟ್ರಲ್ಲಿ ಎಲ್ಲಾ ಇಟ್ಕಂಡಿರ್ತಾರಲ್ಲ...

ಹೌದಲ್ವಾ. ಅವ್ರ ತಾವಲೇ ಇರ್ತದೆ.

ಮತ್ತೆ ನನ್ ಯಾಕ್ ಕೇಳಕ್ ಬಂದೆ?

ಮೋಹನ.

ಏನಾರ ಹೇಳ್ಲಾ. ಇಂಗೆ ಕುಂತ್ರೆ ನಂಗೇನ್ ಗೊತ್ತಾಗ್ಬೇಕು.

ನಾಗೂ, ನೀನ್ ಒಳಿಕ್ ಹೋಗು. ಬಾಗಲಲ್ಲಿ ನಿಂತ್ಕಂಡು ಏನ್ ನೋಡ್ತೀಯ, ಗಂಡಸ್ರು ಮಾತಾಡ್ತಾವ್ರೆ.

ಮಾತಾಡ್ತಾ ಇರೋನು ನಾನೊಬ್ನೇ.

ಆಯ್ತು. ನೋಡು, ನಾನು ತರಕ್ಕೆ ಹೋಗಿದ್ದು ದಿಟ. ಸ್ಕ್ಯಾನ್ ಆಗಿ ನಾಲ್ಕ್ ದಿನಕ್ಕೆ. ಕೌಂಟ್ರಲ್ಲಿ ಲಕೋಟೆ ಕೊಟ್ರು. ಡಾಕ್ಟ್ರ ತಾವ ಹೋಗಿ ಅಂದ್ರು. ಹೋಗ್ಲಿಲ್ಲ. ಸೀದಾ ಬಸ್ ಹತ್ತಿದೆ. ಬಸ್ಸಲ್ಲಿ ಬಿಚ್ಚಿ ನೋಡಿದ್ರೆ ಎಲ್ಲಾ ಇಂಗ್ಲೀಷು. ಶ್ರೀರಂಗಪಟ್ಣದಲ್ಲಿ ಇಳ್ದೆ. ಸುಮ್ನೆ ಇಳ್ದೆ. ನಿಮಿಷಾಂಬನ ಗುಡಿಗೆ ಹೋಗ್ಬರೋಣ ಅಂತ ಗಂಜಾಂಗೆ ಆಟೋ ಹತ್ತಿದೆ. ದಾರೀಲಿ ಒಂದು ಮೆಡಿಕಲ್ ಸ್ಟೋರು. ಕೌಂಟ್ರಲ್ಲಿ ಒಂದು ಹೆಣ್ಮಗ, ಅರ್ಪಿತ ಅಂತ ಬೋರ್ಡು ಹಾಕ್ಕಂಡಿದ್ಲು ಎದೆ ಮ್ಯಾಲೆ. ಒಸಿ ಓದಮ್ಮ ಅಂದೆ. ಓದಿದ್ಲು. ಲಿವರು ಸರಿ ಐತೆ, ಮೂತ್ರಪಿಂಡ ಸರಿ ಐತೆ, ಅದು ಸರಿ ಐತೆ, ಇದು ಸರಿ ಐತೆ ಅಂತ ಓದ್ತಾ ಬಂದ್ಲು. ಎಲ್ಲಾ ಸರಿ ಐತೆ ಅಂತ ನೀನೂ ಕೇಳಿದ್ರೆ ಖುಷಿ ಪಡ್ತಿದ್ದೆ. ಸುಳ್ಳಲ್ಲ ನಾನ್ ಹೇಳಿದ್ದು. ಅಷ್ಟೂ ಅದ್ರಲ್ಲಿ ಇತ್ತು.

ಕಡೇಲಿ ಎರಡು ಸಾಲು ಇತ್ತು.

ಸೊಂಟದ ಲೋಹದಿಂದ ಆಪರೇಷನ್ ಆದ ಜಾಗ ಕಾಣ್ತಿಲ್ಲ, ಅಲ್ಲಿ ಏನೋ ಇರೋ ಹಂಗೈತೆ, ತೆಗೆದು ಬೇಗ ಮತ್ತೆ ಮಾಡ್ಸಿ ಅಂತ. ಎರಡ್ ಸಲ ಓದ್ಸಿದೆ ಆ ಹೆಣ್ಣು ಕೈಲಿ. ಎರಡ್ನೇ ಸಲಾನೂ ಅದೇ ಓದಿದ್ಲು. 'ಬೇಗ ಮಾಡ್ಸಿ ಅಜ್ಜ, ತಡ ಮಾಡ್ಬೇಡಿ' ಅಂತ ಅವ್ಳೇ ಸೇರ್ಸಿದ್ಲು. ಮಾತ್ರೆ ಮಾರೋಳು ಬುದ್ಧಿ ಹೇಳಕ್ ಬಂದ್ಲು ಅಂತ ಲಕೋಟೆ ಕಿತ್ಕಂಡ್ ಬಂದೆ.

ಗುಡಿಗೆ ಹೋಗ್ಲಿಲ್ಲ. ಹೊಳೆ ಮೆಟ್ಲ ಮ್ಯಾಲೆ ಕುಂತಿದ್ದೆ. ಅಲ್ಲಿಂದ್ಲೇ ನಿಂಗೆ ಫೋನ್ ಮಾಡಿದ್ದು. ಕ್ಲೀನ್ ಐತಂತೆ ಕಣ್ಲಾ ಅಂತ. ನೀನು ಆ ಕಡೆ ಅಳ್ತಿದ್ದೆ. ಡಿಪೋಲಿ ಎಲ್ರಿಗೂ ಕೂಗಿ ಹೇಳ್ದೆ, ನಂಗೆ ಕೇಳಿಸ್ತು. ಆಮೇಕೆ ಎಂಗ್ ಹೇಳ್ಲಿ? ಎಂಗ್ಲಾ ಹೇಳ್ಲಿ?

ನಗ್ತೀಯೇನೋ ಅಂದ್ಕಂಡೆ. ನಗು. ನಗ್ಬಾರ್ದಾ.

ನಾನೇ ಒಂದ್ ತಿಂಗಳು ಬುಟ್ಟು ಏನೋ ನೆಪ ಹೇಳಿ ಕತ್ತರ್ಸೋಣ ಅಂದ್ಕಂಡಿದ್ದೆ. ಇಕ್ಕಳ ಎತ್ಕಂಡೇ ಒಂದ್ ಸಲ ನಿಮ್ಮನೆಗೆ ಬಂದಿದ್ದೆ, ನಿಂಗೆ ಗೊತ್ತಿಲ್ಲ. ಯುಗಾದಿ ಮುಂದೆ. ನೀನು ಸ್ನಾನ ಮಾಡಿ ಟವಲ್ ಸುತ್ಕಂಡು ಬಂದೆ, ಸೊಂಟದಲ್ಲಿ ಉಡ್ದಾರ ಇತ್ತು. ಮೈ ಸ್ವಲ್ಪ ತುಂಬಿತ್ತು ಆಗ. ಅದ್ನ ಮುಟ್ಟಕ್ ಕೈ ಬರ್ಲಿಲ್ಲ. ಮುಟ್ಟಿದ್ರೆ ಅಪ್ಪಂಗೆ ಆದಂಗೆ ಆಗೋಯ್ತದೆ ಅಂತ... ಹೆದರ್ಕಂಡೆ ಕಣ್ಲಾ. ಇಲ್ಲ, ಅದೊಂದೇ ಅಲ್ಲ. ಸುಳ್ ಯಾಕೆ. ಅಷ್ಟ್ ಜನದ ಮುಂದೆ ಜಗಳ ಆಡಿ ಗೆದ್ದು ಬಂದಿದ್ದೆ. ಮತ್ತೆ ಅದೇ ಬಾಗ್ಲಿಗೆ ಹೋಗಿ, ತೆಗ್ದಿದ್ದೀನಮ್ಮ ನೋಡು ಅಂತ ಆ ಹುಡ್ಗಿ ಮುಂದೆ ನಿಲ್ಬೇಕಿತ್ತು. ಅದು ಆಗ್ಲಿಲ್ಲ ನನ್ ಕೈಲಿ. ಅಷ್ಟೇ. ಥೂ, ಎಷ್ಟ್ ಸಣ್ಣ ಇಷ್ಯ ನೋಡು. ಒಂದು ಗುಲಗಂಜಿ ತೂಕ ಇಲ್ಲ.

ಐದ್ ತಿಂಗಳು.

ಆಗ ಎಷ್ಟಿತ್ತೋ. ಅಕ್ಕಿ ಕಾಳಷ್ಟಿತ್ತೋ ಏನೋ.

ಇನ್ನೂ ಏನ್ ನೋಡ್ತೀಯ, ಎಲ್ಲಾ ಹೇಳ್ದೆ.

...

ಗೊತ್ತಾ ನಿಂಗೆ? ಅದೂ ಗೊತ್ತಾ?

ಆಸ್ಪತ್ರೇಲಿ ಹೇಳಿದ್ರಾ, ಫೋನ್ ಮಾಡಿದ್ವಿ ಅಂತ? ಬರ್ದಿಟ್ಕಂಡಿರ್ತಾರೆ, ಎಲ್ಲಾ ಬರ್ದಿಟ್ಕಂಡಿರ್ತಾರೆ ಅವ್ರು. ಮೂರ್ ಸಲ. ನಿನ್ ಆಸ್ಪತ್ರೆ ಚೀಟೀಲಿ ನನ್ ನಂಬರು ಬರ್ಸಿದ್ನಲ್ಲ, ನಾನೇ ಹಿರಿಯ ಅಂತ. ಮೊದ್ಲ ಸಲ ಆ ಹುಡ್ಗೀನೇ ಮಾಡಿದ್ಲು, ಅದೇ ಸ್ಕ್ಯಾನಿಂಗ್ ಹುಡ್ಗಿ. 'ಅವತ್ತು ಬೇಜಾರಾಯ್ತೇನೋ ಸರ್, ದಯವಿಟ್ಟು ಕರ್ಕಂಡ್ ಬನ್ನಿ, ನಾನೇ ಬೇಗ ಮಾಡ್ಸಿ ಕೊಡ್ತೀನಿ' ಅಂದ್ಲು. ಬರ್ತೀವಿ ಅಂದೆ. ಎರಡ್ನೇ ಸಲ ರಾಂಗ್ ನಂಬರ್ ಅಂದೆ. ಮೂರ್ನೇ ಸಲ ಡಾಕ್ಟ್ರೇ ಮಾಡಿದ್ರು. ನಿನ್ ಹೆಸ್ರು ಹೇಳಿ, ಅವ್ರು ಎಂಗವ್ರೆ ಅಂತ ಕೇಳಿದ್ರು. ಚೆನ್ನಾಗವ್ನೆ ಅಂದು ಇಟ್ಬುಟ್ಟೆ.

ಎಲ್ಲಾ ಗೊತ್ತಿದ್ದೂ ಬಂದೆ. ಗೊತ್ತಿದ್ದೂ ಇಷ್ಟೊತ್ತು ನನ್ನ ಮಾತಾಡಕ್ ಬುಟ್ಟು ಕುಂತಿದ್ದೆ. ಆ ದೇವಯ್ಯನ್ನ, ಆ ಹುಡ್ಗೀನ, ನಿನ್ ಮಗಳನ್ನ... ಎಲ್ರನ್ನೂ ಬೈದೆ. ನೀನು ಬೈ. ಒಂದ್ ಮಾತು ಬೈದ್ಬುಡ್ಲಾ.

ಬೈಯಲ್ವಾ.

ನಾಳೆ ಹತ್ತು ಗಂಟೆ ಅಂದೆ. ಆರೂವರೆ ಬಸ್ಸಿಗೆ ಹೊಂಟ್ರೆ ಆಯ್ತದೆ. ನಾನೂ ಬರ್ತೀನಿ. ಡಾಕ್ಟ್ರ ಮುಂದೆ ನಾನೇ ಹೇಳ್ತೀನಿ, ನಂದೇ ತಪ್ಪು ಅಂತ. ಆ ಹುಡ್ಗಿ ಮುಂದೂ ನಿಂತ್ಕತೀನಿ. ನೀನು ಮಾತಾಡ್ಬೇಡ, ನಾನು...

ಬ್ಯಾಡ್ವಾ?

ಬ್ಯಾಡ. ಸರಿ.

ಹರ್ಷಿತ ಬರ್ತಾಳಲ್ಲ. ಅವ್ಳೇ ಸರಿ. ಅವ್ಳು ಇಂಗ್ಲೀಷ್ ಓದ್ತಾಳೆ, ಎಲ್ಲಾ ಕೇಳ್ತಾಳೆ. ಎದ್ದೇಬುಟ್ಯಾ? ನಿಧಾನ, ಗೋಡೆ ಹಿಡ್ಕೊ.

ಮೋಹನ... ನಾಳೆ ಹೋದೇಟ್ಗೆ ಒಂದ್ ಕೆಲ್ಸ ಮಾಡ್ಸು. ಕೌಂಟ್ರಲ್ಲಿ ಹೇಳಿ, ನನ್ ನಂಬರು ತೆಗ್ಸಿ ಹರ್ಷಿತಂದು ಬರ್ಸು.